‘ಬಾರ್ಡರ್ ಶುಗರ್’ ಇದ್ದವರು ವಾಕಿಂಗ್, ಪಥ್ಯ ಮಾಡಿದರೆ ಹೃದಯಕ್ಕೆ ಲಾಭವಿದೆಯೇ?

ಹೆಲ್ತ್ ಚೆಕಪ್‌ನಲ್ಲಿ ‘ಶುಗರ್ ಬಾರ್ಡರ್‌ನಲ್ಲಿದೆ’ ಎಂದು ಗೊತ್ತಾದವರಿಗೆ ವಾಟ್ಸ್‌ಆಪ್‌ನಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಬಾರ್ಡರ್ ತಾನೆ, ತಲೆ ಕೆಡಿಸಿಕೊಳ್ಳಬೇಡಿ’ ಎನ್ನುವುದು ಒಂದು. ‘ಎಷ್ಟು ನಡೆದರೂ, ಎಷ್ಟು ಪಥ್ಯ ಮಾಡಿದರೂ ಹಾರ್ಟ್ ಅಟ್ಯಾಕ್ ತಪ್ಪುವುದಿಲ್ಲ, ಅಮೆರಿಕದ ಸಂಶೋಧನೆಯೇ ಹೇಳಿದೆ’ ಎನ್ನುವುದು ಇನ್ನೊಂದು. ಮೊದಲನೆಯ ಮಾತು ತಪ್ಪು. ಎರಡನೆಯದು ಅರ್ಧ ಸತ್ಯ. ಉಳಿದ ಅರ್ಧ ಏನು ಎಂಬುದನ್ನು ನೋಡೋಣ.

ಬಾರ್ಡರ್ ಶುಗರ್ ಎಂದರೇನು?

ವೈದ್ಯರು ಇದನ್ನು ಪ್ರಿಡಯಾಬಿಟಿಸ್, ಅಂದರೆ ಮಧುಮೇಹಪೂರ್ವ ಸ್ಥಿತಿ ಎನ್ನುತ್ತಾರೆ. ಸಾಮಾನ್ಯವಾಗಿ ಬಳಸುವ ಅಳತೆಗಳು ಹೀಗಿವೆ:

- ಖಾಲಿ ಹೊಟ್ಟೆಯ ಶುಗರ್: 100ರಿಂದ 125
- ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ: 140ರಿಂದ 199
- ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ: 5.7ರಿಂದ 6.4

ಐಸಿಎಂಆರ್ ನೆರವಿನಿಂದ ದೇಶದಾದ್ಯಂತ ನಡೆದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 13.6 ಕೋಟಿ ಜನ ಈ ಸ್ಥಿತಿಯಲ್ಲಿದ್ದಾರೆ. ಮಧುಮೇಹ ಇರುವವರ ಸಂಖ್ಯೆ (10.1 ಕೋಟಿ) ಇದಕ್ಕಿಂತ ಕಡಿಮೆ.

ಹೃದಯಕ್ಕೂ ಇದಕ್ಕೂ ಏನು ಸಂಬಂಧ?

ಶುಗರ್ ಬಾರ್ಡರ್‌ಗೆ ಬರುವ ಹೊತ್ತಿಗೆ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ. ಇದರ ಜೊತೆಗೇ ಹೊಟ್ಟೆಯ ಬೊಜ್ಜು, ಹೆಚ್ಚಿದ ಬಿಪಿ, ಏರಿದ ಟ್ರೈಗ್ಲಿಸರೈಡ್, ಇಳಿದ ‘ಒಳ್ಳೆಯ’ ಕೊಲೆಸ್ಟ್ರಾಲ್ ಇರುವುದು ಸಾಮಾನ್ಯ. ಇವೆಲ್ಲ ಸೇರಿ ರಕ್ತನಾಳದ ಒಳಪದರಕ್ಕೆ ಹಾನಿ ಮಾಡುತ್ತವೆ. ಹಾಗಾಗಿ ಹೃದಯದ ಅಪಾಯ ಮಧುಮೇಹ ಬಂದ ದಿನದಿಂದ ಶುರುವಾಗುವುದಿಲ್ಲ, ಅದಕ್ಕೂ ಮೊದಲೇ ಏರತೊಡಗುತ್ತದೆ.

ಚೀನಾದಲ್ಲಿ 30 ವರ್ಷ ನೋಡಿದಾಗ

ಚೀನಾದ ಈಶಾನ್ಯ ಭಾಗದ ದಾಚಿಂಗ್ ನಗರದಲ್ಲಿ 1986ರಲ್ಲಿ ಒಂದು ಅಧ್ಯಯನ ಶುರುವಾಯಿತು. 33 ಕ್ಲಿನಿಕ್‌ಗಳ 577 ಮಂದಿ ಅದರಲ್ಲಿದ್ದರು. ಕೆಲವು ಕ್ಲಿನಿಕ್‌ಗಳಲ್ಲಿ ಊಟದ ಸಲಹೆ, ಕೆಲವಲ್ಲಿ ವ್ಯಾಯಾಮ, ಕೆಲವಲ್ಲಿ ಎರಡೂ. ಉಳಿದ ಕ್ಲಿನಿಕ್‌ಗಳಲ್ಲಿ ಎಂದಿನ ಚಿಕಿತ್ಸೆ ಮಾತ್ರ. ಈ ಕಾರ್ಯಕ್ರಮ ನಡೆದದ್ದು ಆರು ವರ್ಷ. ಆದರೆ ಸಂಶೋಧಕರು ಅಲ್ಲಿಗೇ ಬಿಡದೆ 30 ವರ್ಷ ಇವರ ಆರೋಗ್ಯದ ಲೆಕ್ಕ ಇಟ್ಟರು.

ಜೀವನಶೈಲಿ ಬದಲಿಸಿದ ಗುಂಪಿನಲ್ಲಿ ಮಧುಮೇಹ ಬರುವುದು ಸುಮಾರು ನಾಲ್ಕು ವರ್ಷ ಮುಂದಕ್ಕೆ ಹೋಯಿತು. ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು 26% ಕಡಿಮೆ, ಇವುಗಳಿಂದಾದ ಸಾವು 33% ಕಡಿಮೆ. ಆಯುಷ್ಯ ಸರಾಸರಿ ಸುಮಾರು ಒಂದೂವರೆ ವರ್ಷ ಹೆಚ್ಚಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 20 ವರ್ಷದ ಲೆಕ್ಕ ತೆಗೆದಾಗ ಹೃದಯದ ವಿಷಯದಲ್ಲಿ ಸ್ಪಷ್ಟ ವ್ಯತ್ಯಾಸ ಕಂಡಿರಲಿಲ್ಲ. ಹೃದಯ ಕಾಯಿಲೆಯ ಸಾವಿನಲ್ಲಿ ಅದು ಸ್ಪಷ್ಟವಾಗಿದ್ದು 23 ವರ್ಷದ ಲೆಕ್ಕದಲ್ಲಿ. ಆರು ತಿಂಗಳು ನಡೆದು ‘ಏನೂ ಪ್ರಯೋಜನವಾಗಲಿಲ್ಲ’ ಎಂದು ಬಿಡುವವರು ಇದನ್ನು ನೆನಪಿಡಬೇಕು.

ಹಾಗಾದರೆ ಅಮೆರಿಕದ ಅಧ್ಯಯನ?

ಅಮೆರಿಕದ ‘ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ’ನಲ್ಲಿ 3,234 ಮಂದಿ ಇದ್ದರು. ವಾರಕ್ಕೆ 150 ನಿಮಿಷ ಚಟುವಟಿಕೆ, ತೂಕದಲ್ಲಿ 7% ಇಳಿಕೆ ಅಲ್ಲಿನ ಗುರಿ. ಸುಮಾರು ಮೂರು ವರ್ಷದಲ್ಲಿ ಮಧುಮೇಹದ ಸಾಧ್ಯತೆ 58% ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಇಳಿದದ್ದು 31%.

ಆದರೆ ಸುಮಾರು 21 ವರ್ಷದ ನಂತರ ನೋಡಿದಾಗ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಕಾಯಿಲೆಯ ಸಾವಿನಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಫಾರ್ವರ್ಡ್‌ಗಳು ಹಿಡಿದುಕೊಳ್ಳುವುದು ಇಷ್ಟನ್ನೇ. ಅವು ಬಿಟ್ಟುಬಿಡುವ ಭಾಗ ಹೀಗಿದೆ: ಮೊದಲ ಹಂತ ಮುಗಿದ ಮೇಲೆ ಜೀವನಶೈಲಿಯ ತರಬೇತಿಯನ್ನು ಎಲ್ಲ ಗುಂಪುಗಳಿಗೂ ಕೊಡಲಾಯಿತು. ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಬಳಕೆಯೂ ಎಲ್ಲರಲ್ಲಿ ಹೆಚ್ಚಿತು. ಎಲ್ಲರಿಗೂ ರಕ್ಷಣೆ ಸಿಕ್ಕಾಗ ಒಂದು ಗುಂಪಿನ ಲಾಭ ಎದ್ದು ಕಾಣುವುದು ಕಷ್ಟ. 1986ರ ದಾಚಿಂಗ್‌ನಲ್ಲಿ ಪರಿಸ್ಥಿತಿ ಹೀಗಿರಲಿಲ್ಲ.

ಹಾಗೆಂದು ಈ ಫಲಿತಾಂಶವನ್ನು ತಳ್ಳಿಹಾಕುವಂತೆಯೂ ಇಲ್ಲ. ವಾಕಿಂಗ್ ಒಂದರಿಂದಲೇ ಹೃದಯ ಪೂರ್ತಿ ಸುರಕ್ಷಿತ ಎಂದು ಹೇಳಲಾಗದು ಎಂಬುದನ್ನು ಅದು ತೋರಿಸುತ್ತದೆ. ಬಿಪಿ, ಕೊಲೆಸ್ಟ್ರಾಲ್, ತಂಬಾಕು ಇವನ್ನೂ ನೋಡಿಕೊಳ್ಳಲೇಬೇಕು.

ನಮ್ಮವರಲ್ಲಿ ಏನು ಕಂಡಿದೆ?

ಚೆನ್ನೈನ ಸಂಶೋಧಕರು 531 ಮಂದಿಯ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷದಲ್ಲಿ ಎಂದಿನಂತೆ ಇದ್ದವರಲ್ಲಿ 100ಕ್ಕೆ 55 ಮಂದಿಗೆ ಮಧುಮೇಹ ಬಂದರೆ, ನಡಿಗೆ ಮತ್ತು ಊಟದ ಬದಲಾವಣೆ ಮಾಡಿದವರಲ್ಲಿ 100ಕ್ಕೆ 39 ಮಂದಿಗೆ ಬಂತು. ತೂಕ ಹೆಚ್ಚೇನೂ ಇಳಿಯದಿದ್ದರೂ ಈ ಲಾಭ ಸಿಕ್ಕಿತು ಎನ್ನುವುದು ಮುಖ್ಯ. ಆದರೆ ಇದು ಮಧುಮೇಹದ ಲೆಕ್ಕ, ಹೃದಯಾಘಾತದ್ದಲ್ಲ.

ಏನು ಮಾಡಬೇಕು?

- ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ ಚುರುಕಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಎದೆನೋವು, ಏದುಸಿರು ಇದ್ದರೆ ಮೊದಲು ವೈದ್ಯರನ್ನು ಕಾಣಿ.
- ತೂಕ ಹೆಚ್ಚಿದ್ದರೆ ಸಣ್ಣ ಗುರಿ ಇಟ್ಟುಕೊಳ್ಳಿ. 80 ಕಿಲೋ ಇರುವವರಿಗೆ 7% ಎಂದರೆ ಐದೂವರೆ ಕಿಲೋ ಮಾತ್ರ.
- ತಟ್ಟೆಯಲ್ಲಿ ಅನ್ನದ ಪಾಲು ಇಳಿಸಿ, ಪಲ್ಯ, ಕಾಳು, ಸೊಪ್ಪು ಹೆಚ್ಚಿಸಿ. ‘ರಾಗಿ ಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ’ ಎನ್ನುವುದು ನಿಜವಲ್ಲ. ರಾಗಿಯಲ್ಲೂ ಪಿಷ್ಟವಿದೆ, ಅಳತೆ ಬೇಕು.
- ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಕಡಿಮೆ ಮಾಡಿ. ಬೀಡಿ, ಸಿಗರೇಟು, ಗುಟ್ಕಾ ಬಿಡಿ.
- ವರ್ಷಕ್ಕೊಮ್ಮೆ ಶುಗರ್ ಪರೀಕ್ಷೆ ಮಾಡಿಸಿ. ಜೊತೆಗೆ ಬಿಪಿ, ಕೊಲೆಸ್ಟ್ರಾಲ್ ಎಷ್ಟಿದೆ ಎಂದು ಕೇಳಿ ತಿಳಿದುಕೊಳ್ಳಿ.
- ವೈದ್ಯರು ಕೊಟ್ಟ ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳನ್ನು ‘ವಾಕಿಂಗ್ ಶುರು ಮಾಡಿದ್ದೇನೆ’ ಎಂದು ನೀವಾಗಿಯೇ ನಿಲ್ಲಿಸಬೇಡಿ.

ತೀರ್ಮಾನ

ಜೀವನಶೈಲಿ ಬದಲಿಸಿದರೆ ಮಧುಮೇಹ ಮುಂದೂಡಬಹುದು ಎಂಬುದಕ್ಕೆ ಮೂರು ದೇಶಗಳ ಗಟ್ಟಿ ಪುರಾವೆ ಇದೆ. ಹೃದಯದ ಮಟ್ಟಿಗೆ ಚೀನಾದ ಅಧ್ಯಯನ ಲಾಭ ತೋರಿಸಿದೆ, ಅಮೆರಿಕದ್ದು ತೋರಿಸಿಲ್ಲ. ಅದಕ್ಕೆ ಕಾರಣಗಳೂ ಇವೆ. ಆದ್ದರಿಂದ ‘ಏನು ಮಾಡಿದರೂ ಪ್ರಯೋಜನವಿಲ್ಲ’ ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ಅದು ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಮನೆಯಲ್ಲಿ ಬಾರ್ಡರ್ ಶುಗರ್ ಇರುವವರ ಬಿಪಿ ಕೊನೆಯ ಸಲ ನೋಡಿಸಿದ್ದು ಯಾವಾಗ ಎಂದು ಕೇಳಿ.