ಕಸದ ಬುಟ್ಟಿ ಪಾಠವಾದ ಬಗೆ

ನಮ್ಮಲ್ಲಿ ಬಹಳ ಜನರಿಗೆ ಶಾಲೆಯ ಪರಿಸರ ಪಾಠ ಅಂದರೆ ವನಮಹೋತ್ಸವ. 1950ರಲ್ಲಿ ಕೇಂದ್ರ ಸಚಿವ ಕೆ.ಎಂ. ಮುನ್ಷಿ ಶುರುಮಾಡಿದ ಈ ಹಬ್ಬ ನಮ್ಮೂರ ಶಾಲೆಗೆ ಬರುವ ಹೊತ್ತಿಗೆ ಒಂದು ಗುಂಡಿ, ಒಂದು ಸಸಿ, ಒಂದು ಫೋಟೊ ಆಗಿತ್ತು. ಮರುವರ್ಷ ಅದೇ ಗುಂಡಿ, ಬೇರೆ ಸಸಿ.

ಕೆಲಸಕ್ಕೆಂದು ಮೊದಲು ತಿರುವನಂತಪುರಕ್ಕೆ, ಆಮೇಲೆ ಕೊಚ್ಚಿಯ ಕಾಕ್ಕನಾಡಿಗೆ ಬಂದ ನಾನು ಮಗಳ ಎಲ್.ಪಿ. ಶಾಲೆಯಲ್ಲಿ ಕಂಡದ್ದು ಬೇರೆ. ಇಲ್ಲಿ ಒಂದರಿಂದ ನಾಲ್ಕನೇ ತರಗತಿಯ ಶಾಲೆಗೆ ಎಲ್.ಪಿ. ಅನ್ನುತ್ತಾರೆ. ಮುಗಿದ ಪೆನ್ನುಗಳಿಗೊಂದು ಡಬ್ಬ, ಊಟದ ಉಳಿಕೆಗೆ ಇನ್ನೊಂದು, ಸಮಾರಂಭವಾದರೆ ಸ್ಟೀಲ್ ಲೋಟ. ಸಸಿಗಿಂತ ಕಸದ ಬುಟ್ಟಿಗೇ ಹೆಚ್ಚು ಮರ್ಯಾದೆ. ಇದು ಎಲ್ಲಿಂದ ಬಂತೆಂದು ಕೆದಕಿದಾಗ ಸಿಕ್ಕಿದ್ದು ಎರಡು ನಗರಗಳ ಚರಿತ್ರೆ.

ಕೇರಳವೂ ಮರದಿಂದಲೇ ಆರಂಭಿಸಿತ್ತು. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1970ರಲ್ಲಿ ಮಕ್ಕಳಿಗಾಗಿ 'ಯುರೇಕಾ' ಎಂಬ ವಿಜ್ಞಾನ ಪತ್ರಿಕೆ ತಂದಿತು. ಅದೇ ಪರಿಷತ್ತು ಸೈಲೆಂಟ್ ವ್ಯಾಲಿಯ ಅಣೆಕಟ್ಟಿನ ವಿರುದ್ಧ ಊರೂರು ತಿರುಗಿತು. ಅಣೆಕಟ್ಟು ನಿಂತು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2003ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಎಲ್ಲ ಶಾಲೆಗಳಲ್ಲೂ ಕಡ್ಡಾಯವಾಗಲೇಬೇಕೆಂದಿತು. 2007ರಲ್ಲಿ 'ಎಂಡೆ ಮರಂ', ಅಂದರೆ 'ನನ್ನ ಮರ' ಯೋಜನೆಯಲ್ಲಿ ಶಾಲಾಮಕ್ಕಳ ಕೈಗೆ ಸಸಿ ಬಂತು. ಒಳ್ಳೆಯ ಪಾಠವೇ. ಆದರೆ ಅದರಲ್ಲಿ ಕಾಡು ದೂರದಲ್ಲಿತ್ತು, ತಪ್ಪು ಮಾಡುವವರೂ ದೂರದಲ್ಲಿದ್ದರು.

ಪಾಠವನ್ನು ಮನೆಯೊಳಗೆ ತಂದದ್ದು ವಿಳಪ್ಪಿಲ್‌ಶಾಲ. ತಿರುವನಂತಪುರದ ಕಸವೆಲ್ಲ ಹೋಗುತ್ತಿದ್ದದ್ದು ನಗರದಾಚೆಯ ಈ ಹಳ್ಳಿಗೆ. ತೊರೆ, ಬಾವಿಗಳ ನೀರು ಕೆಟ್ಟಿತೆಂದು ಜನ ವರ್ಷಗಟ್ಟಲೆ ಕೂಗಿದರು. 2011ರ ಡಿಸೆಂಬರಿನಲ್ಲಿ ಪಂಚಾಯಿತಿಯೇ ಕಸದ ಘಟಕಕ್ಕೆ ಬೀಗ ಹಾಕಿತು. ಮರುವರ್ಷ ಹೈಕೋರ್ಟಿನ ಆದೇಶ ಹಿಡಿದು ಪೊಲೀಸರು ಬಂದರೂ ಹೆಂಗಸರು, ಮಕ್ಕಳು ಸಮೇತ ರಸ್ತೆಗಿಳಿದ ಜನ ಜಗ್ಗಲಿಲ್ಲ. ಕಸ ಕಳಿಸಲು ಊರಿಲ್ಲದ ರಾಜಧಾನಿ ಆಗ ಅಡುಗೆಮನೆಯ ಕಾಂಪೋಸ್ಟ್ ಬುಟ್ಟಿ, ಪೈಪ್ ಕಾಂಪೋಸ್ಟ್, ತುಂಬೂರ್‌ಮುಳಿ ಮಾದರಿಯ ಗೊಬ್ಬರದ ತೊಟ್ಟಿಗಳ ಮೊರೆಹೋಯಿತು. 2015ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಬಿಸಾಡುವ ತಟ್ಟೆ-ಲೋಟಗಳನ್ನು ದೂರವಿಡುವ 'ಗ್ರೀನ್ ಪ್ರೋಟೊಕಾಲ್' ಬಂತು. 2016ರ ಡಿಸೆಂಬರಿನಲ್ಲಿ 'ಹರಿತ ಕೇರಳಂ' ಮಿಷನ್ ಶುರುವಾಯಿತು. ಪೆನ್ನಿನ ಡಬ್ಬಗಳ 'ಪೆನ್ ಫ್ರೆಂಡ್' ಅದರದೇ ಯೋಜನೆ. ಮಗಳ ಶಾಲೆಯ ಸ್ಟೀಲ್ ಲೋಟದ ಹಿಂದೆ ಹೀಗೆ ಒಂದು ಹಳ್ಳಿಯ ಬೀಗವಿದೆ.

ಕೊಚ್ಚಿಯ ಕಸಕ್ಕೆ ಮಾತ್ರ ಆಮೇಲೂ ಒಂದು ಊರಿತ್ತು: ಬ್ರಹ್ಮಪುರಂ. 2023ರ ಮಾರ್ಚ್ 2ರಂದು ಅಲ್ಲಿನ ಪ್ಲಾಸ್ಟಿಕ್ ಗುಡ್ಡಗಳಿಗೆ ಬೆಂಕಿ ಹತ್ತಿತು. ಅದು ಆರಲು ಹತ್ತು ದಿನಕ್ಕೂ ಹೆಚ್ಚು ಬೇಕಾಯಿತು. ಕಾಕ್ಕನಾಡಿನ ನಮ್ಮ ಕಿಟಕಿಗಳು ಹಗಲಲ್ಲೂ ಮುಚ್ಚಿದ್ದವು. ನಗರದಲ್ಲೂ ಸುತ್ತಲ ಊರುಗಳಲ್ಲೂ ಏಳನೇ ತರಗತಿಯವರೆಗಿನ ಮಕ್ಕಳಿಗೆ ಜಿಲ್ಲಾಡಳಿತ ರಜೆ ಕೊಟ್ಟಿತು. ಹಸಿ ಕಸ, ಒಣ ಕಸ ಬೇರೆ ಮಾಡಲು ಕಲಿತವರೇ ಆ ಪುಟ್ಟ ಮಕ್ಕಳು. "ಅಪ್ಪ, ನಾವು ಬೇರೆ ಮಾಡಿದ್ದು ಅಲ್ಲಿ ಯಾಕೆ ಒಟ್ಟಿಗೇ ಉರೀತಿದೆ?" ಎಂದು ಮಗಳು ಕೇಳಿದಳು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಚ್ಚಿ ನಗರಸಭೆಗೆ 100 ಕೋಟಿ ರೂಪಾಯಿ ದಂಡ ಹಾಕಿತು. ಮಗಳ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ.

ನನಗೆ ತೋರುವುದಿಷ್ಟು. ಶಾಲೆ ಬುಟ್ಟಿಯ ತನಕ ಕಲಿಸಬಲ್ಲದು. ಬುಟ್ಟಿಯಿಂದಾಚೆಯ ದಾರಿ ದೊಡ್ಡವರದು. ಆ ದಾರಿ ಸರಿಯಿಲ್ಲದಿದ್ದರೆ ಮಕ್ಕಳ ಪಾಠ ಬರೀ ಕಸರತ್ತು, ಅದೇ ಗುಂಡಿಗೆ ಪ್ರತಿವರ್ಷ ನೆಡುವ ಸಸಿಯ ಹಾಗೆ. ಈ ಮಾತು ಕೇರಳಕ್ಕೆ ಮಾತ್ರವಲ್ಲ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನವರೂ ಇದೇ ಜಗಳ ಆಡಿದವರು. ನಮ್ಮ ಮಕ್ಕಳು ಯಾವ ನಗರದಲ್ಲೇ ಓದುತ್ತಿರಲಿ, ಮುಂದಿನ ಪೋಷಕರ ಸಭೆಯಲ್ಲಿ ಒಂದು ಮಾತು ಕೇಳಬಹುದು: ಈ ಡಬ್ಬದಲ್ಲಿರುವುದು ಇಲ್ಲಿಂದ ಯಾವ ಊರಿಗೆ ಹೋಗುತ್ತದೆ? ಸಾಧ್ಯವಾದರೆ ಮಕ್ಕಳನ್ನು ಒಂದು ದಿನ ಆ ಊರಿಗೂ ಕರೆದುಕೊಂಡು ಹೋಗಲಿ.