ಗುರಿ ನಿಲ್ಲದ ಯಂತ್ರ ಮತ್ತು ಕಾಶಿಯ ಮಾನಮಂದಿರ

ಕಾಶಿಯಾತ್ರೆಗೆ ಹೋದ ನಮ್ಮವರು ಮಣಿಕರ್ಣಿಕಾ ಘಾಟನ್ನು ನೋಡದೆ ಬರುವುದಿಲ್ಲ. ಆರದ ಚಿತೆಗಳಿಗೆ ಕೈಮುಗಿದು ಹಿಂದಿರುಗುವಾಗ ಪಕ್ಕದಲ್ಲೇ, ನೀರಿನ ಅಂಚಿನಲ್ಲಿ, ವಾಲಿ ನಿಂತಿರುವ ರತ್ನೇಶ್ವರ ಮಹಾದೇವನ ಗುಡಿ ಕಣ್ಣಿಗೆ ಬೀಳುತ್ತದೆ. ಅದು ಸುಮಾರು 9 ಡಿಗ್ರಿ ಓರೆಯಾಗಿದೆ. ತಾಯಿಯ ಋಣ ತೀರಿಸಿದೆನೆಂದು ಮಗ ಜಂಬ ಕೊಚ್ಚಿದ್ದಕ್ಕೆ ಗುಡಿ ವಾಲಿತೆಂದು ಅಲ್ಲಿಯ ಜನ ಕಥೆ ಹೇಳುತ್ತಾರೆ. ಕಥೆ ಹಾಗಿರಲಿ, ಗಂಗೆಯ ಮೆಕ್ಕಲು ಮಣ್ಣು, ವರ್ಷವರ್ಷದ ನೆರೆ, ಮೇಲೆ ಕಲ್ಲಿನ ಭಾರ, ಇಷ್ಟಿದ್ದರೆ ಎಂಥ ಕಟ್ಟಡವೂ ಕದಲೀತು. ನೆರೆಯ ಸಿಂಧಿಯಾ ಘಾಟ್ ಸಹ ಹಿಂದೊಮ್ಮೆ ತನ್ನ ಭಾರಕ್ಕೇ ಕುಸಿದದ್ದುಂಟು.

ಇಂಥ ದಡದಲ್ಲೇ, ಮಣಿಕರ್ಣಿಕೆಯಿಂದ ದಶಾಶ್ವಮೇಧದ ಕಡೆಗೆ ಸ್ವಲ್ಪ ದೂರ ನಡೆದರೆ ಮಾನಮಂದಿರ ಘಾಟ್ ಸಿಗುತ್ತದೆ. ಅಂಬೇರಿನ ರಾಜಾ ಮಾನಸಿಂಹ ಕಟ್ಟಿಸಿದ ಅರಮನೆ ಅದು. ಅವನ ವಂಶದ ಸವಾಯಿ ಜಯಸಿಂಹ (1688–1743) ಅದರ ಮಾಳಿಗೆಯ ಮೇಲೆ ವೇಧಶಾಲೆಯನ್ನು ಕಟ್ಟಿಸಿದ. ಕೂದಲೆಳೆಯಷ್ಟೂ ಅಲುಗಬಾರದ ಯಂತ್ರಗಳನ್ನು ಅವನು ಕಲ್ಲು ಗಾರೆಗಳಲ್ಲಿ ಏಕೆ ಕಟ್ಟಿಸಿದ?

ಇದು ತಿಳಿಯಬೇಕಾದರೆ ರೈಫಲ್ಲಿನ ಮೇಲೆ ಕೂರಿಸುವ ದೂರದರ್ಶಕವನ್ನು ನೆನೆಯೋಣ. ಗುಂಡು ಬೀಳುವ ಜಾಗಕ್ಕೂ ಅದರ ಒಳಗಿನ ಗೆರೆಗಳಿಗೂ ಹೊಂದಿಸಿಟ್ಟ ಸ್ಥಿತಿಗೆ ಅದರ ‘ಸೊನ್ನೆ’ ಎಂದು ಹೆಸರು. ಇಂದು ಹೊಂದಿಸಿದ ಸೊನ್ನೆ ನಾಳೆ ಕದಲಿದರೆ ಎಲ್ಲರೂ ಗಾಜನ್ನು ಬೈಯುತ್ತಾರೆ. ಬಲ್ಲವರಾದರೋ ಮೊದಲು ಅದನ್ನು ಹಿಡಿದಿರುವ ಬಳೆ, ಪೀಠ, ಸ್ಕ್ರೂಗಳನ್ನು ನೋಡುತ್ತಾರೆ. ಬಳೆಗಳ ನಡುವಿನ ಅಂತರ 4 ಅಂಗುಲ ಎನ್ನಿ. ಒಂದು ಬಳೆ ಅಂಗುಲದ ಸಾವಿರದಲ್ಲೊಂದು ಪಾಲು ಸರಿದರೆ ಸಾಕು, 100 ಗಜ ದೂರದಲ್ಲಿ ಗುರಿ ಸುಮಾರು 0.9 ಅಂಗುಲ ತಪ್ಪುತ್ತದೆ. ಪೀಠ ಭದ್ರವಾಗಿದ್ದೂ ಗುರಿ ನಿಲ್ಲದಿದ್ದರೆ, ನಂಬಿಕೆಯ ಬೇರೊಂದು ದೂರದರ್ಶಕವನ್ನು ಕೂರಿಸಿ ನೋಡಬೇಕು. ಅದೂ ಅಲೆದಾಡಿದರೆ ದೋಷ ರೈಫಲ್ಲಿನದು ಅಥವಾ ಪೀಠದ್ದು. ಅದು ನಿಂತರೆ ಮೊದಲಿನದರ ಒಳಗಿನ ಸ್ಪ್ರಿಂಗೋ ತಿರುಪೋ ಸಡಿಲವಾಗಿದೆಯೆಂದು ತಿಳಿಯಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು ಇಲ್ಲಿಯ ನಿಯಮ.

ಜಯಸಿಂಹ ಹಿಡಿದ ದಾರಿಯೂ ಇದೇ. ಪಂಚಾಂಗದ ಕೋಷ್ಟಕಗಳು ಹೇಳುವುದಕ್ಕೂ ಆಕಾಶದಲ್ಲಿ ಕಾಣುವುದಕ್ಕೂ ತಾಳೆಯಾಗದಿರುವುದೇ ಅವನ ಚಿಂತೆಯಾಗಿತ್ತು. ಸಮರಖಂದದ ಉಲುಘ್ ಬೇಗನ ಮಾದರಿಯಲ್ಲಿ ಮೊದಲು ಹಿತ್ತಾಳೆಯ ಯಂತ್ರಗಳನ್ನೇ ಮಾಡಿಸಿದ, ತೃಪ್ತಿಯಾಗಲಿಲ್ಲ. ಬಾದಶಹ ಮುಹಮ್ಮದ ಶಾಹನ ಹೆಸರಿನಲ್ಲಿ ರಚಿಸಿದ ಕೋಷ್ಟಕಗ್ರಂಥದ ಮುನ್ನುಡಿಯಲ್ಲಿ ಕಾರಣಗಳನ್ನು ಸ್ಪಷ್ಟವಾಗಿ ಹೇಳಿದ್ದಾನೆ: ಗಾತ್ರ ಚಿಕ್ಕದು, ಕಲೆಗಳ ಗುರುತಿಗೆ ಜಾಗವಿಲ್ಲ, ಅಚ್ಚು ಸವೆದು ಅಲುಗುತ್ತದೆ, ವೃತ್ತದ ಕೇಂದ್ರ ಸರಿಯುತ್ತದೆ, ಸಮತಲ ಕದಲುತ್ತದೆ. ರೈಫಲ್ಲಿನ ರೋಗಲಕ್ಷಣಗಳೂ ಇವೇ ಅಲ್ಲವೆ? ಹಿಪಾರ್ಕಸ್, ಟಾಲೆಮಿಯರ ಲೆಕ್ಕ ತಪ್ಪಿದ್ದಕ್ಕೂ ಇಂಥ ಉಪಕರಣಗಳೇ ಕಾರಣವೆಂದು ಅವನು ತೀರ್ಮಾನಿಸಿದ. ಆದ್ದರಿಂದಲೇ ದಿಲ್ಲಿಯಲ್ಲಿ ಕಲ್ಲು ಗಾರೆಯ ಭಾರಿ ಯಂತ್ರಗಳನ್ನು ಕಟ್ಟಿಸಿದ. ಒಂದೇ ಕಡೆಯ ವೀಕ್ಷಣೆಯನ್ನು ನಂಬದೆ, ಸರಿನೋಡುವುದಕ್ಕಾಗಿ ಜಯಪುರ, ಮಥುರಾ, ಕಾಶಿ, ಉಜ್ಜಯಿನಿಗಳಲ್ಲೂ ಕಟ್ಟಿಸಿದ.

ಕಲ್ಲಿನ ಯಂತ್ರಕ್ಕೆ ತಿರುಪಿಲ್ಲ. ಅದರ ಸೊನ್ನೆಯೆಂದರೆ ಆ ಊರಿನ ಅಕ್ಷಾಂಶ. ಸಮ್ರಾಟ ಯಂತ್ರದ ಇಳಿಜಾರು ಗೋಡೆ ಉತ್ತರ ದಕ್ಷಿಣವಾಗಿ ನಿಂತು ಧ್ರುವದತ್ತ ಚಾಚಬೇಕು. ಕಾಶಿಗೆ ಆ ಕೋನ ಸುಮಾರು 25 ಡಿಗ್ರಿ, ದಿಲ್ಲಿಗೆ 28ಕ್ಕೂ ಹೆಚ್ಚು. ಎಂದಮೇಲೆ ದಿಲ್ಲಿಯ ಯಂತ್ರವನ್ನು ಹಾಗೆಯೇ ಎತ್ತಿ ತಂದು ಕಾಶಿಯಲ್ಲಿಟ್ಟರೆ ಅದು ಸುಳ್ಳು ಹೇಳುತ್ತದೆ.

1772ರಲ್ಲಿ ಸರ್ ರಾಬರ್ಟ್ ಬಾರ್ಕರ್ ಎಂಬ ಕಂಪನಿಯ ಸೇನಾಧಿಪತಿ ಮಾನಮಂದಿರವನ್ನು ನೋಡಿದ. ಅವನ ವರದಿ 1777ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಸಮ್ರಾಟ ಯಂತ್ರದ ಗೋಡೆಯ ಅಂಚಿನಲ್ಲಿ ಸುಮಾರು 38 ಅಡಿ ಅಂತರದಲ್ಲಿ ಸಣ್ಣ ಕಬ್ಬಿಣದ ಬಳೆಗಳಿದ್ದವು. ಒಂದಕ್ಕೆ ಕಣ್ಣಿಟ್ಟರೆ ಅಡ್ಡಿಯಿಲ್ಲದೆ ಇನ್ನೊಂದರ ಮೂಲಕ ನೋಟ ಹಾಯುತ್ತಿತ್ತೆಂದು ಅವನು ಬೆರಗಾಗಿ ಬರೆದ. ಕುಸಿಯುವ ದಡದ ಮೇಲೆ, ಒಂದು ಮಾಳಿಗೆಯ ನೆತ್ತಿಯಲ್ಲಿ, ಕಟ್ಟಿದವನು ತೀರಿಹೋದ ಸುಮಾರು ಮೂವತ್ತು ವರ್ಷದ ಮೇಲೆಯೂ ಗುರಿ ನಿಂತಿತ್ತು!

ಹಾಗೆಂದು ಕಲ್ಲೂ ಶಾಶ್ವತವಲ್ಲ. ಗಾರೆ ಉದುರುತ್ತದೆ, ಗೆರೆಗಳು ಮಾಸುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಯಪುರದ ಅರಸರ ಕಡೆಯಿಂದ ಇಲ್ಲಿ ದುರಸ್ತಿ ನಡೆಯಬೇಕಾಯಿತು. ದುರಸ್ತಿಯಾದ ಗೆರೆಯನ್ನೂ ಮತ್ತೆ ಸೂರ್ಯ ನಕ್ಷತ್ರಗಳೊಡನೆ ತಾಳೆ ನೋಡಲೇಬೇಕು.

ಪರಊರಿನಲ್ಲಿರುವ ನಮ್ಮ ಮನೆಗಳಿಗೂ ಈ ವಿಚಾರ ದೂರದ್ದಲ್ಲ. ಏಕಾದಶಿ ಇಂದೋ ನಾಳೆಯೋ ಎಂದು ಎರಡು ಪಂಚಾಂಗಗಳು ಜಗಳವಾಡಿದಾಗ, ನಮ್ಮದೇ ಸರಿಯೆಂದು ಹಟ ಹಿಡಿಯುತ್ತೇವೆ. ಜಯಸಿಂಹನಿಗೂ ತನ್ನದೆಂಬ ಸಂಪ್ರದಾಯ ಇರಲಿಲ್ಲವೆ? ಆದರೆ ಹಿಂದೂ, ಮುಸಲ್ಮಾನ, ಯುರೋಪಿನ ಕೋಷ್ಟಕಗಳನ್ನೆಲ್ಲ ತರಿಸಿಕೊಂಡು, ಎಲ್ಲವನ್ನೂ ಆಕಾಶದ ಎದುರಿಗೇ ನಿಲ್ಲಿಸಿ ನೋಡಿದ. ಮುಂದಿನ ಸಲ ಮಣಿಕರ್ಣಿಕೆಗೆ ಹೋದವರು, ವಾಲಿದ ಗುಡಿಯನ್ನು ನೋಡಿದ ಕಣ್ಣಿನಿಂದಲೇ ಮಾನಮಂದಿರದ ಮಾಳಿಗೆಯನ್ನೂ ಹತ್ತಿ ಬರಬೇಕು. ಮಕ್ಕಳನ್ನೂ ಕರೆದೊಯ್ಯಬೇಕು.