ಮದುವೆಯ ಹೂವಿನ ಅಲಂಕಾರ: ಹೂವಾಡಿಗರೊಡನೆ ಮಾತನಾಡುವ ಮುನ್ನ

ಗಡಿನಾಡಿನ ನಮ್ಮ ಮನೆಗಳಲ್ಲಿ ಮದುವೆಯ ಮಾತುಕತೆ ಕನ್ನಡದಲ್ಲಿ ನಡೆದರೂ ಹೂವಿನ ವ್ಯಾಪಾರ ನಡೆಯುವುದು ಹೆಚ್ಚಾಗಿ ಆಯಾ ರಾಜ್ಯದ ಭಾಷೆಯಲ್ಲಿ. ಹೂವಿನ ಹೆಸರು, ಅಳತೆ, ಸಮಯ, ಫಲಕದ ಬರಹ ಇವುಗಳಲ್ಲಿ ಆದ ತಪ್ಪು ಮುಹೂರ್ತದ ಬೆಳಿಗ್ಗೆಯೇ ಕಣ್ಣಿಗೆ ಬೀಳುತ್ತದೆ. ಆಗ ತಿದ್ದಲು ಅವಕಾಶವಿರುವುದಿಲ್ಲ. ಆದ್ದರಿಂದ ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಹೆಸರುಗಳು

ತಾಳವಾಡಿ, ಹೊಸೂರು ಭಾಗದವರು ಮುಖ್ಯವಾಗಿ ಎಚ್ಚರ ವಹಿಸಬೇಕಾದುದು ಸಂಪಿಗೆಯ ವಿಷಯದಲ್ಲಿ. ತಮಿಳಿನಲ್ಲಿ ‘ಸಂಪಂಗಿ’ ಎಂದರೆ ನಮ್ಮ ಸುಗಂಧರಾಜ. ನಮ್ಮ ಸಂಪಿಗೆಗೆ ಅಲ್ಲಿ ‘ಶೆಣ್ಬಗಂ’ ಎನ್ನುತ್ತಾರೆ. ‘ಚೆಂಡುಮಲ್ಲಿ’ ಎಂಬುದು ಮಲ್ಲಿಗೆಯ ಜಾತಿಯಲ್ಲ, ಚೆಂಡುಹೂವು. ಅದೇ ಚೆಂಡುಹೂವು ಆದವಾನಿ, ಮಡಕಶಿರಾ ಕಡೆಯ ತೆಲುಗಿನಲ್ಲಿ ‘ಬಂತಿ’, ಸೊಲ್ಲಾಪುರ, ಜತ್ತ ಕಡೆಯ ಮರಾಠಿಯಲ್ಲಿ ‘ಝೆಂಡೂ’. ಸೇವಂತಿಗೆಯು ತೆಲುಗಿನಲ್ಲಿ ‘ಚಾಮಂತಿ’, ಮರಾಠಿಯಲ್ಲಿ ‘ಶೇವಂತಿ’, ಮಲಯಾಳದಲ್ಲಿ ‘ಜಮಂತಿ’. ಸುಗಂಧರಾಜವನ್ನು ಮರಾಠಿಯಲ್ಲಿ ‘ನಿಶಿಗಂಧ’, ಕನಕಾಂಬರವನ್ನು ‘ಅಬೋಲಿ’ ಎನ್ನುವರು. ಹೆಸರಿನ ಜೊತೆಗೆ ಹೂವಿನ ಚಿತ್ರವನ್ನೂ ತೋರಿಸಿದರೆ ಗೊಂದಲ ಉಳಿಯದು.

ಅಳತೆ ಮತ್ತು ದರ

ಕಟ್ಟಿದ ಹೂವನ್ನು ಮೊಳ, ಮಾರುಗಳಲ್ಲಿ ಅಳೆಯುವ ರೂಢಿಯಿದೆ. ಮೊಳವು ಅಳೆಯುವವರ ಕೈಯನ್ನು ಅವಲಂಬಿಸುವುದರಿಂದ ಮಂಟಪದ ಕಂಬ, ಬಾಗಿಲು, ವೇದಿಕೆಗಳ ಅಳತೆಯನ್ನು ಅಡಿಗಳಲ್ಲಿ ಬರೆದು ಕೊಡುವುದು ಲೇಸು. ಕಾಸರಗೋಡಿನವರು ಕೊಳ್ಳುವ ಉಡುಪಿ ಮಲ್ಲಿಗೆಯ ಲೆಕ್ಕವೇ ಬೇರೆ: 800 ಮೊಗ್ಗುಗಳಿಗೆ ಒಂದು ಚೆಂಡು, 4 ಚೆಂಡುಗಳಿಗೆ ಒಂದು ಅಟ್ಟೆ.

ಆಷಾಢದಲ್ಲಿ ಇಳಿಯುವ ಹೂವಿನ ಬೆಲೆ ಮುಹೂರ್ತಗಳು ಒತ್ತೊತ್ತಾಗಿ ಬರುವ ದಿನಗಳಲ್ಲಿ ಹಲವು ಪಟ್ಟು ಏರುತ್ತದೆ. ಮುಂಗಡ ಕೊಡುವ ಮುನ್ನ ನಾಲ್ಕು ಸಂಗತಿಗಳು ಬರಹದಲ್ಲಿರಲಿ: ಯಾವ ಹೂವು ಎಷ್ಟು, ಬೆಲೆ ಏರಿದರೆ ಹೊರೆ ಯಾರದು, ಹೇಳಿದ ಹೂವು ದೊರೆಯದಿದ್ದರೆ ಬದಲಿ ಯಾವುದು, ಕಾರ್ಯಕ್ರಮದ ನಂತರ ತೆರವುಗೊಳಿಸುವವರು ಯಾರು. ಮಂಟಪದ ಹೊರ ಅಲಂಕಾರಕ್ಕೆ ಚೆಂಡುಹೂವು, ಸೇವಂತಿಗೆಗಳನ್ನು ಬಳಸಿ ಮಲ್ಲಿಗೆಯನ್ನು ಮುಡಿಗೂ ಹಾರಕ್ಕೂ ಮೀಸಲಿಟ್ಟರೆ ಖರ್ಚು ಹಿಡಿತದಲ್ಲಿರುತ್ತದೆ.

ಸಮಯ

ನಸುಕಿನಲ್ಲಿ ಬಿಡಿಸಿದ ಮಲ್ಲಿಗೆಯ ಮೊಗ್ಗು ಅದೇ ಸಂಜೆ ಅರಳುತ್ತದೆ. ಆರತಕ್ಷತೆಗೆ ಇದು ಅನುಕೂಲ. ಬೆಳಗಿನ ಮುಹೂರ್ತಕ್ಕೆ ಮಾತ್ರ ಹಿಂದಿನ ದಿನದ ಮೊಗ್ಗನ್ನು ತಂಪಿನಲ್ಲಿ ಕಾಪಾಡಬೇಕಾಗುತ್ತದೆ. ಹೇಗೆ ಕಾಪಾಡುವಿರೆಂದು ಕೇಳಿ ತಿಳಿದುಕೊಳ್ಳಬೇಕು. ಚೆಂಡುಹೂವು, ಕನಕಾಂಬರಗಳು ಹೆಚ್ಚು ಹೊತ್ತು ಬಾಳುತ್ತವೆ.

ಸತ್ಯಮಂಗಲದ ಹೂವಿನ ಮಾರುಕಟ್ಟೆಯನ್ನು ನೆಚ್ಚಿದ ತಾಳವಾಡಿಯವರು ಇನ್ನೊಂದನ್ನು ಗಮನಿಸಬೇಕು. 27 ತಿರುವುಗಳ ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಹೂವು ಹಗಲಿನಲ್ಲೇ ಘಾಟಿ ಹತ್ತುವಂತೆ ಏರ್ಪಾಟು ಮಾಡಬೇಕು, ಇಲ್ಲವೇ ಚಾಮರಾಜನಗರದಿಂದ ತರಿಸಬೇಕು.

ಫಲಕದ ಬರಹ

ದ್ವಾರದ ಹೂಫಲಕದಲ್ಲಿ ವಧೂವರರ ಹೆಸರು ಕನ್ನಡದಲ್ಲಿರಬೇಕೆಂದು ಕೇಳಲು ಸಂಕೋಚ ಬೇಡ. ‘ನಮ್ಮಲ್ಲಿ ಕನ್ನಡ ಅಕ್ಷರಗಳಿಲ್ಲ’ ಎಂಬ ಉತ್ತರ ಬಂದೊಡನೆ ಅನೇಕರು ಇಂಗ್ಲಿಷಿಗೆ ಒಪ್ಪಿಬಿಡುತ್ತಾರೆ. ಬರೆಸಿದರೂ ತೊಂದರೆ ತಪ್ಪದು: ನಮ್ಮ ಬಳಗದ ಒಂದು ಮದುವೆಯಲ್ಲಿ ಒತ್ತಕ್ಷರ ಬಿಡಿಸಿಹೋಗಿ ‘ಸ್ವಾಗತ’ವು ‘ಸ್‌ವಾಗತ’ವಾಗಿ ನಿಂತಿತ್ತು. ಕನ್ನಡ ಓದಲು ಬಾರದವರು ಅಕ್ಷರ ಕತ್ತರಿಸಿದರೆ ಹೀಗಾಗುವುದು ಸಹಜ. ಅದು ಅವರ ಉದ್ದೇಶವಲ್ಲ.

ಇದಕ್ಕೆ ಪರಿಹಾರ ಸುಲಭ. ಮೊಬೈಲಿನಲ್ಲಿ ಬೆರಳಚ್ಚಿಸಿದ ಸಂದೇಶವನ್ನು ಕಳುಹಿಸದೆ, ಬೇಕಾದ ಗಾತ್ರದಲ್ಲಿಯೇ ಮುದ್ರಿಸಿದ ಹಾಳೆಯನ್ನೋ ಅದರ ಚಿತ್ರವನ್ನೋ ಕೊಡಬೇಕು. ಒತ್ತಕ್ಷರ ಮೂಲಾಕ್ಷರದ ಕೆಳಗೆ ಎಲ್ಲಿ ಬರಬೇಕೆಂದು ಗುರುತಿಸಬೇಕು. ತೆಲುಗು ಸೀಮೆಯಲ್ಲಿ ತೆಲುಗಿನ ತಲೆಕಟ್ಟು ಸೇರಿಕೊಳ್ಳದಂತೆ ನೋಡಬೇಕು. ಇನ್ನೂ ಒಳ್ಳೆಯ ದಾರಿಯೊಂದಿದೆ: ಕನ್ನಡ ಶಾಲೆಯಲ್ಲಿ ಓದುವ ಮನೆಯ ಮಕ್ಕಳಿಂದಲೇ ರಟ್ಟಿನ ಮೇಲೆ ಅಕ್ಷರಗಳನ್ನು ಬರೆಸಿ ಕತ್ತರಿಸಿ ಕೊಟ್ಟರೆ ಹೂವಾಡಿಗರು ಅವುಗಳ ಮೇಲೆ ಹೂವು ಜೋಡಿಸಬಲ್ಲರು. ಹಿಂದಿನ ಸಂಜೆ ಫಲಕವನ್ನು ಒಮ್ಮೆ ಓದಿ ನೋಡುವ ಹೊಣೆಯನ್ನೂ ಆ ಮಕ್ಕಳಿಗೇ ವಹಿಸಬಹುದು.